ನಿನ್ನ ಕಾರಿನ ವೈರು ಕಿತ್ತೆ

ತೊರ್ಗ್ರಿಮ್ ಮಾರಾಯಾ,

ಸ್ಮಶಾನಕ್ಕೆ ಅಂಚೆಯವನು ಬರುವುದಿಲ್ಲ, ಗೊತ್ತು. ಆದರೂ ಗಂಡನಿಗೆ ವರದಿ ಒಪ್ಪಿಸುವ ಚಟ ಹೋಗಿಲ್ಲ.

ಇವತ್ತು ಮಧ್ಯಾಹ್ನ ಮೊಮ್ಮಗಳು ಇಂಗ್ವಿಲ್ ಕರೆಂಟು ಕಾರಿನಲ್ಲಿ ಬಂದಳು. ಸದ್ದೇ ಇಲ್ಲ, ಬೆಕ್ಕು ಬಂದ ಹಾಗೆ. ನಮ್ಮ ನಾರ್ವೆಯವರು ಈಗ ಕಚ್ಚಾ ಎಣ್ಣೆಯನ್ನು ಪರದೇಶಕ್ಕೆ ಮಾರಿ ತಾವು ಕರೆಂಟಿನಲ್ಲಿ ಓಡಾಡುತ್ತಾರೆ, ಸಾರಾಯಿ ಅಂಗಡಿಯವನು ಮಜ್ಜಿಗೆ ಕುಡಿದ ಹಾಗೆ.

ಚಳಿಗೆ ಅವಳ ಬ್ಯಾಟರಿ ಸೊರಗಿತ್ತು. ಅಂಗಳದ ಗೋಡೆಯಲ್ಲಿರುವುದು ಒಂದೇ ಪ್ಲಗ್ಗು. ಅದರಲ್ಲಿ ನಿನ್ನ ಡೀಸೆಲ್ ಕಾರು ಹಿಮಕ್ಕೆ ಸ್ಟಾರ್ಟ್ ಆಗದೆ ಕೂರಬಾರದೆಂದು ಎಂಜಿನ್ ಬೆಚ್ಚಗಿಡುವ ವೈರು.

"ಅಜ್ಜೀ, ಅಜ್ಜ ಹೋಗಿ ಆರು ವರ್ಷ ಆಯ್ತು. ನಿಂತ ಕಾರಿಗೂ ಚಳಿ ಆಗತ್ತಾ?"

"ಬಾಯ್ಮುಚ್ಚೇ! ಅಜ್ಜ ಸಮುದ್ರದಲ್ಲಿ ಎಣ್ಣೆ ತೆಗೆದಿದ್ದಕ್ಕೇ ನೀನು ಓದಿದ್ದು, ಈ ಕಾರು ತಗೊಂಡಿದ್ದು."

"ಹೌದಜ್ಜಿ. ಆದ್ರೆ ಅಜ್ಜನ ಎಣ್ಣೆ ಕಾರಿಗೂ ದಿನಾ ಕರೆಂಟ್ ಕೊಟ್ಟೋಳು ನೀನೇ ಅಲ್ವಾ?"

ನಿನ್ನಷ್ಟೇ ತಲೆಹರಟೆ. ವೈರು ಕಿತ್ತು ಪ್ಲಗ್ಗು ಅವಳಿಗೆ ಬಿಟ್ಟುಕೊಟ್ಟೆ.

ಸಮುದ್ರದಿಂದ ಕರೆ ಬಂದ ಕೂಡಲೇ ನೀನು ಹೊರಡಲೆಂದು ಪ್ರತಿ ಚಳಿಗಾಲವೂ ಆ ಎಂಜಿನ್ ಬೆಚ್ಚಗಿಟ್ಟವಳು ನಾನು. ಒಂದು ದಿನವಾದರೂ ಮರೆತು ನಿನ್ನನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದಿತ್ತು.

ಈಗ ನಿನ್ನ ಕಾರು ತಣ್ಣಗಾಗಿದೆ. ಬೈಯಬೇಕೆನ್ನಿಸಿದರೆ ಬಂದು ಬೈ.