ಓಬಳಮ್ಮನ ವೀಸಾ ಅರ್ಜಿ

6-7-92, ಸೋಮವಾರ

ಬೆಳಿಗ್ಗೆಯಿಂದ ನಾಲ್ಕು ಅಫಿಡವಿಟ್, ಒಂದು ಖಾತೆ ಬದಲಾವಣೆ ಅರ್ಜಿ. ರಿಬ್ಬನ್ ಸವೆದಿದೆ. ತಾಲ್ಲೂಕು ಕಚೇರಿ ಮುಂದಿನ ಧೂಳೆಲ್ಲ ನನ್ನ ಟೈಪ್ ಮಿಷನ್ನಿನಲ್ಲೇ.

ಮಧ್ಯಾಹ್ನ ಓಬಳಕ್ಕ ಬಂದಳು. ರೇಷ್ಮೆ ಇಲಾಖೆಯವರು ಎರಡು ತಿಂಗಳ ತರಬೇತಿಗೆ ಜಪಾನಿಗೆ ಕಳಿಸುತ್ತಿದ್ದಾರೆ. ಶಿಡ್ಲಘಟ್ಟದಲ್ಲಿ ಅವಳಷ್ಟು ಸಣ್ಣ ಎಳೆ ತೆಗೆಯುವವರು ಇನ್ನೊಬ್ಬರಿಲ್ಲ. ಒಮ್ಮೆಯಾದರೂ ಸರಿಯಾದವರನ್ನೇ ಆರಿಸಿದ್ದಾರೆ.

ವೀಸಾ ಫಾರಂ ಟೈಪ್ ಮಾಡಿದೆ. ಎಂದಾದರೂ ಅರೆಸ್ಟ್ ಆಗಿದ್ದೀರಾ — ಕೇಳದೆಯೇ 'ನೋ' ಹೊಡೆದೆ. ಎಲ್ಲರದಕ್ಕೂ ಹಾಗೇ ಹೊಡೆಯುವುದು. ಅಕ್ಕನಿಗೆ ಇಂಗ್ಲಿಷ್ ಬಾರದು, ಆದರೂ ಒಂದೊಂದನ್ನೂ ಓದಿಸಿದಳು.

"ಮೂರು ದಿನ ಸ್ಟೇಷನ್ನಲ್ಲಿ ಇದ್ನಲ್ಲಪ್ಪ."

"ಕೇಸು ಬಿದ್ದೋಯ್ತಲ್ಲಕ್ಕ. ಶಿಕ್ಷೆ ಆಗ್ಲಿಲ್ಲ."

"ಅವ್ರು ಕೇಳಿರೋದು ಶಿಕ್ಷೆ ವಿಷ್ಯಾನೋ, ಹಿಡ್ಕೊಂಡೋಗಿದ್ ವಿಷ್ಯಾನೋ?"

ಇಷ್ಟು ವರ್ಷ ಲಾಯರುಗಳ ಪಕ್ಕ ಕೂತಿದ್ದೇನೆ, ಇಂಥ ಪ್ರಶ್ನೆ ಒಬ್ಬರೂ ಕೇಳಿಲ್ಲ. 'ಎಸ್' ಅಂದರೆ ವೀಸಾ ಕೈತಪ್ಪಬಹುದು ಅಂದೆ. "ತಪ್ಪಿದ್ರೆ ತಪ್ಲಿ" ಅಂದಳು. ಫಾರಂ ಎತ್ತಿಟ್ಟೆ.

8-7-92

ಇಲ್ಲಾದರೂ ಬರೆಯಬೇಕು, ಯಾರೂ ಓದುವುದಿಲ್ಲವಲ್ಲ. ಎಂಬತ್ತೈದರಲ್ಲಿ ರೇಷ್ಮೆಗೂಡಿನ ಮಾರ್ಕೆಟ್ ಮುಂದೆ ನೂಲು ತೆಗೆಯುವ ರೀಲರುಗಳ ಮುಷ್ಕರ. ಪೊಲೀಸ್ ಜೀಪಿನ ಗಾಜು ಒಡೆಯಿತು. ಕಲ್ಲು ಹೊಡೆದವನು ನಾನು. ಹೊಡೆದು ಓಡಿದೆ. ಓಡದೆ ನಿಂತಿದ್ದ ಅಕ್ಕನನ್ನು ಹಿಡಿದರು. ಏಳು ವರ್ಷ... ಬಾಯಿ ಬಿಟ್ಟಿಲ್ಲ. ಈಗ ಅವಳ ಜಪಾನ್ ತಪ್ಪಿದರೆ ಅದು ನನ್ನಿಂದಲೇ. ನಾಚಿಕೆಯಾಗುತ್ತದೆ.

20-7-92

ಅಕ್ಕನ ಕೇಸಿನ ಕೋರ್ಟ್ ತೀರ್ಪಿನ ನಕಲಿಗೆ ಮೂರು ಸಲ ಚಿಂತಾಮಣಿಗೆ ಅಲೆದೆ. ಇವತ್ತು ಸಿಕ್ಕಿತು. ಸಾಕ್ಷ್ಯವಿಲ್ಲದೆ ಬಿಡುಗಡೆ, ಸೀಲಿನ ಸಮೇತ. ಹೊಸ ಫಾರಮ್ಮಿನಲ್ಲಿ 'ಎಸ್' ಹೊಡೆದು, ಸಹಿಗೆ ಅಕ್ಕನ ಮನೆಗೆ ಹೋದೆ. ಬಿಸಿನೀರಿನಲ್ಲಿ ಗೂಡು ಹಾಕಿಕೊಂಡು ನೂಲು ತೆಗೆಯುತ್ತಿದ್ದಳು. ತಡೆಯಲಾಗಲಿಲ್ಲ, ಹೇಳಿಬಿಟ್ಟೆ.

"ಗೊತ್ತು ಕಣಪ್ಪ. ನಿನ್ ಪಕ್ಕದಾಗೇ ನಿಂತಿರ್ಲಿಲ್ವಾ."

"ಮತ್ತೆ ಪೊಲೀಸ್ನೋರಿಗೆ ಯಾಕೆ ಹೇಳ್ಲಿಲ್ಲ?"

"ಆಗ ತಾನೇ ಟೈಪಿಂಗ್ ಪಾಸ್ ಮಾಡಿದ್ದೆ ನೀನು. ಗೌರ್ಮೆಂಟ್ ಕೆಲ್ಸ ಸಿಗ್ತದೆ ಅಂದ್ಕೊಂಡೆ." ಎಳೆಯಿಂದ ಕಣ್ಣು ತೆಗೆಯದೆ ನಕ್ಕಳು. "ಸಿಗ್ಲೇ ಇಲ್ಲ ನೋಡು."

ನಾನೂ ನಕ್ಕೆ. ಬರುವಾಗ ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡೆ. ಇಂಥವಳು ನಮ್ಮೂರಲ್ಲಿದ್ದಾಳಲ್ಲ, ಅದೇ ಹೆಮ್ಮೆ.

24-8-92

ಮದರಾಸಿನ ವೀಸಾ ಆಫೀಸಿನಿಂದ ಪತ್ರ. ಆ ಗಲಾಟೆಯಲ್ಲಿ ಅವಳು ಏನು ಮಾಡಿದಳು, ಶುಕ್ರವಾರದೊಳಗೆ ವಿವರಣೆ ಬೇಕಂತೆ.

"ಕಲ್ಲು ಹೊಡ್ದೋಳು ನಾನಲ್ಲ ಅಂತಷ್ಟೇ ಬರಿ. ನಿನ್ ಹೆಸ್ರು ಬ್ಯಾಡ, ಮಕ್ಕಳೊಂದಿಗ ನೀನು" ಅಂದಳು.

ಹೂಂ ಅಂದು ಅವಳನ್ನು ಕಳಿಸಿದೆ. ಬರೀ ಅಲ್ಲ ಅಂದರೆ ಯಾರು ನಂಬುತ್ತಾರೆ?

ಸ್ಟಾಂಪ್ ಪೇಪರ್ ತಂದೆ. ಹೊಸ ರಿಬ್ಬನ್ ಹಾಕಿದೆ. ಊರಿಗೆಲ್ಲ ಅಫಿಡವಿಟ್ ಹೊಡೆದುಕೊಟ್ಟವನು, ನನ್ನದು ಇದೇ ಮೊದಲು. ಮಿಷನ್ನಿನ ಮೇಲೆ ಬೆರಳು ಏಳುತ್ತಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಪಿಳ್ಳಪ್ಪ ಬಿನ್ ಎರ್ರಪ್ಪ, ಶಿಡ್ಲಘಟ್ಟ ವಾಸಿ, ಆದ ನಾನು ಪ್ರಮಾಣ ಮಾಡಿ ಹೇಳುವುದೇನೆಂದರೆ, ಆ ದಿನ ಕಲ್ಲು ಹೊಡೆದವನು —