ಸರ್ವೆಯವರಿಗೆ ಹೇಳಿದ ಊಟ

ಮೂಕಂಡಪಲ್ಲಿ
೧೨-೯-೧೯೮೨, ಭಾನುವಾರ

ಕನಕಾ,

ಆಶೀರ್ವಾದ ಅಂತ ಬರೆಯಲು ಹೋದೆ, ಕೈ ಬರಲಿಲ್ಲ. ಚೆನ್ನಾಗಿದ್ದೀಯ ತಾನೆ? ಮಗಳು ಅಂಜಮ್ಮನ ಕೆಮ್ಮು ಹೇಗಿದೆ? ಡೆಂಕಣಿಕೋಟೆ ಕಡೆ ಆನೆ ಇಳಿದಿವೆ ಅಂತ ಬಸ್ಸಿನವರು ಹೇಳಿದರು. ನಿಮ್ಮಣ್ಣನ ರಾಗಿ ಹೊಲ ಜೋಪಾನ. ಇಲ್ಲಿ ಮನೆ ಬಣಗುಡುತ್ತಿದೆ. ಭಾನುವಾರ ಓವರ್‌ಟೈಮ್ ಮುಗಿಸಿ ಬಂದರೆ ನೀನು ಬಿಸಿನೀರು ಕಾಯಿಸಿ ಇಟ್ಟಿರುತ್ತಿದ್ದೆ, ಅದೇ ನೆನಪು.

ನಾನು ಮಾತಿಗೆ ಕೂತರೆ ಏಳುವವನಲ್ಲ, ನಿನಗೆ ಗೊತ್ತು. ಕಾರ್ಖಾನೆ ಗೇಟಿನ ಮುಂದಿನ ಕಲ್ಲು ಹತ್ತಿ ನಿಂತು ದೀಪಾವಳಿಗೆ ಎಣ್ಣೆ ಬೆಲೆ ಎಷ್ಟಾಗುತ್ತದೆ, ಸಂಕ್ರಾಂತಿಗೆ ಅಕ್ಕಿ ಎಷ್ಟಾಗುತ್ತದೆ ಅಂತ ಇಡೀ ಶಿಫ್ಟಿಗೆ ಭವಿಷ್ಯ ಹೇಳುತ್ತಿದ್ದವನು. ಹೆಚ್ಚುಕಡಿಮೆ ಹಾಗೇ ಆಗುತ್ತಿತ್ತು ಕೂಡ. ಅಂಥವನು ಈ ಕಾಗದಕ್ಕೆ ಎಷ್ಟೋ ಹಾಳೆ ಹರಿದು ಹಾಕಿದ್ದೇನೆ.

ಆ ಸರ್ವೆಯವರು ಬಂದ ದಿನದ್ದೇ ಮಾತು. ಕಾರ್ಮಿಕರ ಮನೆಯಲ್ಲಿ ಏನು ತಿನ್ನುತ್ತಾರೆ, ಯಾವುದಕ್ಕೆ ಎಷ್ಟು ಕೊಡುತ್ತಾರೆ ಅಂತ ಬರೆದುಕೊಂಡು ಹೋಗುತ್ತಾರೆ. ಬೆಲೆ ಏರಿತೋ ಇಲ್ಲವೋ ಅಂತ ಮುಂದೆ ಅಳೆಯುವುದು ಅದರಿಂದಲೇ, ನಮ್ಮ ತುಟ್ಟಿಭತ್ಯೆ ನಿಲ್ಲುವುದೂ ಅದರ ಮೇಲೆಯೇ. ಇದನ್ನು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದವನು ನಾನೇ. ಆದರೆ ಇಸ್ತ್ರಿ ಅಂಗಿಯ ಮನುಷ್ಯ ನಮ್ಮ ಒಂದೇ ಕುರ್ಚಿಯಲ್ಲಿ ಕೂತು, ತಮಿಳಿನಲ್ಲಿ ಮರ್ಯಾದೆಯಾಗಿ "ಐಯಾ" ಅಂದಾಗ, ಮುದ್ದೆ, ಹುರುಳಿ ಸಾರು ಅನ್ನಲು ನಾಲಿಗೆ ಏಳಲಿಲ್ಲ. ಎರಡು ಹೊತ್ತೂ ಅಕ್ಕಿ ಅನ್ನ ಅಂದೆ. ದಿನಾ ಹಾಲು ಅಂದೆ. ಪ್ರತಿ ಭಾನುವಾರ ಮಟನ್ ಅಂದೆ. ಅವರು ಕೇಳಿದಂತೆ ಒಂದೊಂದರ ಬೆಲೆಯನ್ನೂ ಹೇಳಿದೆ.

ಅಂಜಮ್ಮ ನಕ್ಕುಬಿಟ್ಟಳು. "ಅಮ್ಮಾ, ಅಪ್ಪ ತಮಾಸೆ ಮಾಡ್ತಾವ್ನೆ ಕಣಮ್ಮಾ" ಅಂದಳು. ನೀನು ಬಾಗಿಲ ಹಿಂದಿನಿಂದ, "ಇರೋದ್ ಯೋಳ್ರಿ, ಉಣ್ಣೋದುಕ್ ಯಾತುಕ್ ನಾಚ್ಕೆ" ಅಂದೆ. ಕಾಡುಕಡೆಯವಳು, ಇವಳಿಗೇನು ಗೊತ್ತು ಅಂತ ನಾನು ಅವರಿಗೆ ತಮಿಳಿನಲ್ಲಿ ಹೇಳಿ ನಕ್ಕೆ. ನಿನಗೆ ತಮಿಳು ಬರುತ್ತದೆ ಅನ್ನುವುದನ್ನು ಮರೆತವನ ಹಾಗೆ.

ಸಂಜೆ ನೀನು ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕಿಟಕಿಯಿಂದ ಒಂದೇ ಮಾತು ಕೇಳಿದೆ: "ಹಾಲಿನ್ ಬೆಲೆ ಕೇಳ್ದಾಗ ನನ್ ಮೊಕ ನೋಡುದ್ರಿ. ಮಟನ್ ಬೆಲೆಗ್ ಯಾಕ್ ನೋಡ್ಲಿಲ್ಲ?" ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ ಅನ್ನುವ ಹಾಗೆ ನಾನು ಕೈ ಬೀಸಿದೆ.

ಆಮೇಲಿನ ಕಥೆ ಕೇಳು. ಪಕ್ಕದ ಮನೆ ಹನುಮಂತರಾಯಪ್ಪ ಗೋಡೆಗೆ ಕಿವಿ ಕೊಟ್ಟಿದ್ದನಂತೆ. ನನಗಿಂತ ಕಡಿಮೆಯಾಗಬಾರದು ಅಂತ ಅವನೂ ಮಟನ್ ಅಂದ, ಮೇಲೆ ಮೊಟ್ಟೆಯನ್ನೂ ಸೇರಿಸಿದ. ಸಾಲಿನ ಕೊನೆ ಮನೆ ಮುಟ್ಟುವ ಹೊತ್ತಿಗೆ ನಮ್ಮವರೆಲ್ಲ ದಿನಾ ಮದುವೆ ಊಟ ಉಣ್ಣುತ್ತಿದ್ದರು. ನಾಳೆ ರಾಗಿ ಬೆಲೆ ಎಷ್ಟೇ ಏರಲಿ, ನಮಗೆ ತಟ್ಟುವುದಿಲ್ಲ ಅಂತಲೇ ಲೆಕ್ಕ. ಯಾಕೆಂದರೆ ನಮ್ಮಲ್ಲಿ ಯಾರೂ ರಾಗಿ ತಿನ್ನುವುದೇ ಇಲ್ಲವಲ್ಲ!

ಮೊನ್ನೆ ಗೇಟಿನಲ್ಲಿ ಬೆಲೆ ಏರಿಕೆ ಬಗ್ಗೆ ಬಾಯಿ ತೆರೆದೆ. ಹನುಮಂತರಾಯಪ್ಪ ಹಿಂದಿನಿಂದ, "ಯೋ ಮುತ್ತರಾಯ, ವಾರವಾರ ಮಟನ್ ಬೇಯ್ಸೋನಿಗ್ ಯಾತರ್ ಬೆಲೆ ಏರಿಕೇನಲಾ? ಗೋಡೆ ಪಕ್ಕದಾಗಿರೋ ನನ್ ಮೂಗ್ಗೆ ಒಂದಿನಾನೂ ವಾಸ್ನೆ ಬಡೀಲಿಲ್ವಲ್ಲಾ!" ಅಂದ. ಶಿಫ್ಟಿಗೆ ಶಿಫ್ಟೇ ನಕ್ಕಿತು. ಕಲ್ಲಿನಿಂದ ಇಳಿದು ಬಂದೆ.

ಕೃಷ್ಣಗಿರಿಗೆ ಹೋಗಿ ಆ ಸರ್ವೆಯವರನ್ನು ಹುಡುಕಿ, ತಿದ್ದಿಕೊಳ್ಳಿ ಅಂದೆ. ಅಡುಗೆ ಮಾಡುವವರೇ ಹೇಳಲಿ, ಇನ್ನೊಮ್ಮೆ ಮನೆಗೆ ಬರುತ್ತೇನೆ ಅಂದರು. ಬಾ ಕನಕಾ. ಕುರ್ಚಿ ಪಕ್ಕ ನಿಂತು ಇರುವುದನ್ನು ನೀನೇ ಹೇಳು. ಈ ಸಲ ಬಾಗಿಲ ಹಿಂದೆ ನಾನು ನಿಲ್ಲುತ್ತೇನೆ.

ತಲೆ ತಗ್ಗಿಸಿಕೊಂಡು,
ಮುತ್ತರಾಯಪ್ಪ

ತಾ.ಕ.: ಬಸ್ಸಿನ ಸದ್ದಿನಲ್ಲೂ ನಿನ್ನ ಮಾತು ಕೇಳಿಸಿತ್ತು. ಭಾನುವಾರ ಓವರ್‌ಟೈಮ್ ಇರಲೇ ಇಲ್ಲ. ಬಸ್‌ಸ್ಟ್ಯಾಂಡ್ ಪಕ್ಕದ ಮಿಲಿಟರಿ ಹೋಟೆಲಿನಲ್ಲಿ ಒಬ್ಬನೇ ಮಟನ್ ತಿಂದು, ಸೋಪು ಹಚ್ಚಿ ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು ಬರುತ್ತಿದ್ದೆ. ದುಡಿದು ದಣಿದು ಬಂದಿದ್ದಾರೆ ಅಂತ ನೀನು ಅಂಜಮ್ಮನ ಪಾಲಿನ ಮೊಸರನ್ನೂ ನನ್ನ ತಟ್ಟೆಗೇ ಹಾಕುತ್ತಿದ್ದೆ. ಅದನ್ನೂ ಉಣ್ಣುತ್ತಿದ್ದೆ. ಸರ್ವೆಯವರಿಗೆ ಹೇಳಿದ್ದರಲ್ಲಿ ನಿಜ ಅದೊಂದೇ, ಭಾನುವಾರದ ಮಟನ್. ಇವತ್ತು ಎಲ್ಲೂ ಹೋಗಲಿಲ್ಲ. ಮುದ್ದೆ ತಿರುವಿದೆ, ಬರೀ ಗಂಟು.