ಪುಟ್ಟಿಗೆ ಇಟ್ಟ ಹೊಸ ಹೆಸರು

ಬುಧವಾರ, ರಾತ್ರಿ.

ಮನೆಯಲ್ಲಿ ಎಲ್ಲರೂ ಆರೋಗ್ಯ, ಕಿರಿಯ ಮೊಮ್ಮಗಳು ಪುಟ್ಟಿಯದೊಂದೇ ಯೋಚನೆ. ಸಂಜೆಯಿಂದ ಕರೆದರೆ ಓಗೊಡುತ್ತಿಲ್ಲ.

ಯೂರೋಪಿನವರು ಹಡಗಿನಲ್ಲಿ ಅಮೆರಿಕಕ್ಕೆ ಹೋದ ಪಾಠವನ್ನು ಮೊಮ್ಮಕ್ಕಳಿಗೆ ಆಟವಾಡಿಸಿ ಕಲಿಸಿದೆ. ನನ್ನ ಮಂಚವೇ ಹಡಗು. ದೊಡ್ಡವು ಇಳಿದು ಕೋಣೆಕೋಣೆಗೂ ಬಾವುಟ ನೆಟ್ಟು ಹೊಸ ಹೆಸರಿಟ್ಟವು. ಅಲ್ಲಿನ ಮೂಲನಿವಾಸಿಯಾಗಿ ದಡದಲ್ಲಿ ನಿಂತಿದ್ದ ಪುಟ್ಟಿಗೂ ಇಟ್ಟವು, ಇಸಬೆಲ್ಲಾ ಅಂತ, ಪಾಠದಲ್ಲಿ ಬರುವ ರಾಣಿಯ ಹೆಸರು. ನಾನೂ ನಕ್ಕೆ.

ಊಟಕ್ಕೆ ಸೊಸೆ ಕೂಗಿದಳು: "ಪುಟ್ಟೀ, ಕಿವಿಗೆ ಹತ್ತಿ ಇಟ್ಕೊಂಡಿದೀಯೇನೇ?" ಮಗು ತಿರುಗಲಿಲ್ಲ. ಕೊನೆಗೆ ನಾನು "ಇಸಬೆಲ್ಲಾ" ಅಂದೆ. "ಬಂದೆ ಅಜ್ಜಿ" ಅಂತ ಓಡಿ ಬಂತು.

"ಹಾಗಾದ್ರೆ ನಮ್ಮ ಪುಟ್ಟಿ ಎಲ್ಲಿ ಹೋದ್ಲೇ?"

"ಹಡಗಿನ ಕೆಳಗಡೆ ಕೂಡಿಹಾಕಿದಾರೆ ಅಜ್ಜಿ. ಮಾತಾಡಬಾರದು ಅಂದಿದಾರೆ."

ಈಗ ಮಗು ನನ್ನ ಪಕ್ಕದಲ್ಲೇ ನಿದ್ದೆ ಹೋಗಿದೆ. ಅದೇ ಮಂಚದ ಮೇಲೆ ಕಾಲು ಮಡಚಿ ಕೂತು ಬರೆಯುತ್ತಿದ್ದೇನೆ. ಒಮ್ಮೆ ಕೆಳಗೆ ಬಗ್ಗಿ "ಪುಟ್ಟೀ" ಅಂತ ಕರೆದು ನೋಡಬೇಕು. ಕೆಳಗಿನಿಂದ ಓಗೊಟ್ಟುಬಿಟ್ಟರೆ?